ಎನ್ ಲೈನ್‌ಗೆ ಹೆಚ್ಚು ಹಣ ಕೊಡಬೇಕೆ?

ಪ್ರಶ್ನೆ: ಕ್ರೆಟಾ ಟರ್ಬೊ ಕಾರು ಕೊಳ್ಳುವವನಿದ್ದೇನೆ. 'ಎನ್ ಲೈನ್' ಸ್ಪೋರ್ಟ್ಸ್ ಮಾದರಿಯ ವೇಗ ಅದಕ್ಕಿಂತ ಹೆಚ್ಚೇ?
– ಓದುಗರು, ಬಡವನಹಳ್ಳಿ

ಉತ್ತರ: ಇಲ್ಲ. 2024ರ ಮಾರ್ಚ್‌ನಲ್ಲಿ ಬಂದ ಕ್ರೆಟಾ ಎನ್ ಲೈನ್‌ನಲ್ಲೂ ಸಾಮಾನ್ಯ ಕ್ರೆಟಾ ಟರ್ಬೊದ 1.5 ಲೀಟರ್ ಎಂಜಿನ್ನೇ ಇದೆ. ಎರಡರಲ್ಲೂ ಶಕ್ತಿ, ಟಾರ್ಕ್ ಒಂದೇ: 160 ಪಿಎಸ್, 253 ಎನ್‌ಎಂ. ವ್ಯತ್ಯಾಸವಿರುವುದು ಬೇರೆ ಕಡೆ. ಸಸ್ಪೆನ್ಷನ್ ಬಿಗಿ, ಸ್ಟೇರಿಂಗ್ ಸ್ವಲ್ಪ ಭಾರ, ಸೈಲೆನ್ಸರ್ ಸದ್ದು ಗಡುಸು, ಚಕ್ರ 18 ಇಂಚು. ತಿರುವಿನಲ್ಲಿ ಗಾಡಿ ಕಡಿಮೆ ವಾಲುತ್ತದೆ. ಆದರೆ ಚಕ್ರ ದೊಡ್ಡದಾದಷ್ಟೂ ಟೈರಿನ ಪಕ್ಕದ ರಬ್ಬರ್ ಗಿಡ್ಡವಾಗುತ್ತದೆ. ಗುಂಡಿ, ಹಂಪುಗಳ ಪೆಟ್ಟು ನೇರವಾಗಿ ಸೊಂಟಕ್ಕೆ ತಟ್ಟುತ್ತದೆ.

ಸಿರಾದಿಂದಾಚೆ ಹೆದ್ದಾರಿಯಲ್ಲೇ ಹೆಚ್ಚು ಓಡಾಡುವವರಿಗೆ, ಗೇರು ತಾವೇ ಹಾಕುವ ಆಸೆಯಿರುವವರಿಗೆ (ಟರ್ಬೊದಲ್ಲಿ ಮ್ಯಾನುಯಲ್ ಗೇರ್ ಇರುವುದು ಇದರಲ್ಲೇ) ಎನ್ ಲೈನ್ ಒಪ್ಪುತ್ತದೆ. ಹೊಲದ ದಾರಿ, ಹಿರಿಯರ ಪ್ರಯಾಣವೇ ಹೆಚ್ಚಾದರೆ ಸಾಮಾನ್ಯ ಮಾದರಿಯೇ ಸಾಕು.

ಸಾಮಾನ್ಯ ಮಾದರಿ ಕೊಂಡು ಹೊರಗಡೆ ಸೈಲೆನ್ಸರ್, ಎಂಜಿನ್ ಮಾರ್ಪಾಡು ಮಾತ್ರ ಮಾಡಿಸಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅದಕ್ಕೆ ಅಡ್ಡಿ. ವಾರಂಟಿ, ವಿಮೆಗೂ ತೊಡಕು. ಬುಕ್ ಮಾಡುವ ಮುನ್ನ ಎರಡನ್ನೂ ನಿಮ್ಮೂರಿನ ರಸ್ತೆಯಲ್ಲೇ ಓಡಿಸಿ ನೋಡಿ.