ಯಲಹಂಕದ ಸಣ್ಣ ರೈಲು

ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹಿಂದೆ ಪುಟ್ಟ ರೈಲೊಂದು ಓಡುತ್ತಿದ್ದುದನ್ನು ನಮ್ಮ ಸದಸ್ಯ ಬಾಂಧವರು ಮನೆಯ ಹಿರಿಯರಿಂದ ಕೇಳಿರಬಹುದು. ಹಳಿ ಕಿತ್ತ ಮೇಲೆ ಆ ಹಾದಿಗೆ ರೈಲು ಮರಳಲೇ ಇಲ್ಲ. ಅದೇ ಮೈಸೂರು ಸಂಸ್ಥಾನದ ಕಾಲದ ಇನ್ನೊಂದು ಸಣ್ಣ ರೈಲು ಬೆಂಗಳೂರಿನ ಉತ್ತರಕ್ಕಿರುವ ಯಲಹಂಕದಿಂದ ಹೊರಡುತ್ತಿತ್ತು. ಅದರ ಗತಿ ಬೇರೆಯಾಯಿತು.

ಯಲಹಂಕಕ್ಕೆ ಮೊದಲು ಬಂದುದು ಮೀಟರ್ ಗೇಜ್. 1890ರ ದಶಕದ ಆರಂಭದಲ್ಲಿ ಸದರನ್ ಮರಾಠಾ ರೈಲ್ವೆ ಕಂಪನಿಯು ಹಿಂದೂಪುರ, ಗುಂತಕಲ್ ಕಡೆಗೆ ಹಾಕಿದ ಹಾದಿ ಅದು. 1915ರಲ್ಲಿ ಇಲ್ಲಿಂದಲೇ ಚಿಕ್ಕಬಳ್ಳಾಪುರದ ಕಡೆಗೆ ಎರಡೂವರೆ ಅಡಿ ಅಗಲದ ನ್ಯಾರೋ ಗೇಜ್ ಹೊರಟಿತು. ಆಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯನವರು. ಅವರು ಹುಟ್ಟಿದ ಮುದ್ದೇನಹಳ್ಳಿ ಚಿಕ್ಕಬಳ್ಳಾಪುರದ ಪಕ್ಕದ್ದೇ. ದಾರಿಯಲ್ಲಿ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಎಂಬ ಪುಟ್ಟ ನಿಲ್ದಾಣಗಳು. ಆಚೆಗೆ ಶಿಡ್ಲಘಟ್ಟ, ಚಿಂತಾಮಣಿ, ಕೋಲಾರಗಳನ್ನು ಹಾದು ಬಂಗಾರಪೇಟೆಯವರೆಗೆ ಸಣ್ಣ ಹಳಿಯೇ ಸಾಗಿತು. ರೇಷ್ಮೆ, ಆಲೂಗೆಡ್ಡೆ ಬೆಳೆಯುವ ಸೀಮೆಗೆ ಇದೊಂದು ದೊಡ್ಡ ಅನುಕೂಲವೇ ಸರಿ.

ತೊಡಕು ಇದ್ದುದು ಎರಡು ತುದಿಗಳಲ್ಲಿ. ಬಂಗಾರಪೇಟೆಯಲ್ಲಿ ಮದರಾಸಿನ ಬ್ರಾಡ್ ಗೇಜ್, ಯಲಹಂಕದಲ್ಲಿ ಮೀಟರ್ ಗೇಜ್. ಸಣ್ಣ ಹಳಿಯ ವ್ಯಾಗನ್ ಎರಡರ ಮೇಲೂ ಓಡದು. ದೂರದ ಊರಿಗೆ ಮಾಲು ಹೋಗಬೇಕಾದರೆ ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ಏರಿಸಲೇಬೇಕು. ಇದರ ಅರ್ಥವೇನೆಂದು ಕ್ಯೂರಿಂಗ್ ವರ್ಕ್ಸಿಗೆ ಕಾಫಿ, ಮಂಡಿಗೆ ಅಡಿಕೆ ಕಳಿಸುವ ನಮಗೆ ಯಾರೂ ಹೇಳಬೇಕಿಲ್ಲ. ಪ್ರತಿ ಸಲವೂ ಹಮಾಲಿ, ಬಿಚ್ಚಿದ ಹೊಲಿಗೆ, ತೂಕದ ತಕರಾರು, ಮೇಲೊಂದು ದಿನದ ತಡ. ಲಾರಿಯಾದರೋ ಹೊಲದ ಬದುವಿನಿಂದ ಮಂಡಿಯ ಬಾಗಿಲಿಗೇ ಬಂದು ನಿಲ್ಲುತ್ತದೆ. ಸಣ್ಣ ರೈಲನ್ನು ಸೋಲಿಸಿದ್ದು ಅದರ ನಿಧಾನಗತಿಗಿಂತ ಈ ಇಳಿಸಿ ಏರಿಸುವ ಕೆಲಸವೇ ಎಂಬುದು ನಮ್ಮ ಎಣಿಕೆ.

ಆದರೂ ಹಾದಿ ಉಳಿಯಿತು. 1990ರ ದಶಕದಲ್ಲಿ ಚಿಕ್ಕಬಳ್ಳಾಪುರದವರೆಗೂ, 2013ರಲ್ಲಿ ಕೋಲಾರದವರೆಗೂ ಹಳಿ ಬ್ರಾಡ್ ಗೇಜ್ ಆಯಿತು. ಕಡೂರಿನಿಂದ ಚಿಕ್ಕಮಗಳೂರಿಗೆ ಮೊದಲ ರೈಲು ಬಂದದ್ದೂ ಅದೇ 2013ರಲ್ಲಿ! ಚಿಕ್ಕಬಳ್ಳಾಪುರ ಸಣ್ಣದಾದರೂ ಒಂದು ರೈಲನ್ನು ಕಂಡು ಆಗ ತೊಂಬತ್ತೆಂಟು ವರ್ಷವಾಗಿತ್ತು. ಕಾಫಿಯ ಜಿಲ್ಲಾ ಕೇಂದ್ರ ಅಷ್ಟು ಕಾಲ ಕಾಯಬೇಕಾದುದು ನಮಗೆ ಈಗಲೂ ನ್ಯಾಯವೆನಿಸುವುದಿಲ್ಲ.

ಯಲಹಂಕವೀಗ ಸಣ್ಣ ಊರಲ್ಲ. 1984ರಲ್ಲಿ ಆರಂಭವಾದ ಅಲ್ಲಿನ ಕಾರ್ಖಾನೆ ರೈಲಿನ ಗಾಲಿ, ಅಚ್ಚುಗಳನ್ನು ತಯಾರಿಸುತ್ತದೆ. ಚಿಕ್ಕಬಳ್ಳಾಪುರದ ಹಾದಿಯಲ್ಲಿ ವಿಮಾನ ನಿಲ್ದಾಣಕ್ಕೆಂದು 2021ರಲ್ಲಿ ಹಾಲ್ಟ್ ಸ್ಟೇಷನ್ ಕೂಡ ಆಗಿದೆ. ಪಾಳು ಬಿದ್ದಿದ್ದ ಹಳೆಯ ನಿಲ್ದಾಣಗಳ ಜೀರ್ಣೋದ್ಧಾರಕ್ಕೆ ರೈಲ್ವೆಯೊಂದಿಗೆ ಇಂಟ್ಯಾಕ್ ಸಂಸ್ಥೆ ಕೈಹಾಕಿರುವುದು ಸಂತೋಷದ ವಿಷಯ. ಆದರೆ ಅಲ್ಲಿ ಆಲೂಗೆಡ್ಡೆ ಮೂಟೆ ಹತ್ತಿಸಿಕೊಳ್ಳುವ ಗಾಡಿ ಇಲ್ಲ. ಚಿಕ್ಕಮಗಳೂರಿನಲ್ಲೂ ನಮ್ಮಲ್ಲಿ ಹೆಚ್ಚಿನವರ ಮೂಟೆ ಲಾರಿಯನ್ನೇ ಏರುತ್ತಿದೆ. ಹತ್ತಾರು ಬೆಳೆಗಾರರ ಮಾಲು ಕೂಡಿಸಿ ಒಂದು ವ್ಯಾಗನ್ ತುಂಬಿಸುವುದು ಒಬ್ಬೊಬ್ಬರಿಂದ ಆಗುವ ಕೆಲಸವಲ್ಲ, ಸಂಘ ಮಾಡಬೇಕಾದುದು. ಮುಂದಿನ ಸಾಮಾನ್ಯ ಸಭೆಗೆ ಬರುವ ಸದಸ್ಯರು ತಮ್ಮ ಮೂಟೆಯೊಂದರ ಸಾಗಾಣಿಕೆ ವೆಚ್ಚವನ್ನು, ಹಮಾಲಿಯನ್ನೂ ಸೇರಿಸಿ, ಬರೆದು ತಂದರೆ ಲೆಕ್ಕ ಹಾಕಿ ನೋಡಬಹುದು.