ವಿದ್ಯುತ್ ಚಾಲಿತ ಏರ್‌ಸಾಫ್ಟ್ ರೈಫಲ್: ಖರೀದಿ, ಮಾರ್ಪಾಡು ಮತ್ತು ಆಮದಿನ ಬಗ್ಗೆ ಅರ್ಜಿದಾರರಿಗೆ ಮಾಹಿತಿ

ನೈಜ ಬಂದೂಕನ್ನೇ ಹೋಲುವ, ಪ್ಲಾಸ್ಟಿಕ್ ಗೋಲಿಗಳನ್ನು ಹಾರಿಸುವ ಏರ್‌ಸಾಫ್ಟ್ ರೈಫಲನ್ನು ಇಟ್ಟುಕೊಳ್ಳಲು ಪರವಾನಗಿ ಬೇಕೇ ಎಂದು ಕೇಳಿದವರಿಗೆ "ಇದು ಆಟಿಕೆ, ಏನೂ ಬೇಡ" ಎಂಬ ಉತ್ತರ ಮಾರಾಟಗಾರರಿಂದ ದೊರೆಯುವುದುಂಟು. ಈ ಮಾತನ್ನು ನಂಬಿ ಹಣ ತೆತ್ತವರು ಸರಕನ್ನು ಕಳೆದುಕೊಳ್ಳುವುದಲ್ಲದೆ ಕ್ರಿಮಿನಲ್ ಮೊಕದ್ದಮೆಯನ್ನೂ ಎದುರಿಸಬೇಕಾಗಿ ಬರಬಹುದು. ಆದ್ದರಿಂದ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

ಸಾಧನದ ಸ್ವರೂಪ

ಈ ರೈಫಲಿನಲ್ಲಿ ಸಿಡಿಮದ್ದು ಇರುವುದಿಲ್ಲ. ಬ್ಯಾಟರಿಯಿಂದ ನಡೆಯುವ ಮೋಟಾರು ಗೇರುಗಳ ಮೂಲಕ ಪಿಸ್ಟನ್ನನ್ನು ಹಿಂದಕ್ಕೆ ಎಳೆದು ಸ್ಪ್ರಿಂಗನ್ನು ಬಿಗಿಗೊಳಿಸುತ್ತದೆ. ಸ್ಪ್ರಿಂಗ್ ಸಡಿಲಗೊಂಡಾಗ ಪಿಸ್ಟನ್ ಮುನ್ನುಗ್ಗಿ ಗಾಳಿಯನ್ನು ಒತ್ತುತ್ತದೆ. ಆ ಗಾಳಿಯು ಸಾಮಾನ್ಯವಾಗಿ 6 ಮಿ.ಮೀ. ವ್ಯಾಸದ ಗೋಲಿಯನ್ನು ನಳಿಕೆಯಿಂದ ಹೊರದೂಡುತ್ತದೆ. ಜಪಾನಿನ ಟೋಕಿಯೊ ಮಾರುಯಿ ಸಂಸ್ಥೆಯು 1991ರಲ್ಲಿ ಇಂತಹ ರೈಫಲನ್ನು ಮಾರುಕಟ್ಟೆಗೆ ತಂದ ನಂತರ ಇದು ಹಲವು ದೇಶಗಳಲ್ಲಿ ಕ್ರೀಡಾ ಸಾಧನವಾಗಿ ಹರಡಿತು. ಗೋಲಿಯು ಹಗುರವಾಗಿದ್ದರೂ ಕಣ್ಣಿಗೆ ತಗುಲಿದಲ್ಲಿ ದೃಷ್ಟಿಗೆ ಶಾಶ್ವತ ಹಾನಿಯಾಗಬಹುದು.

ಕಾನೂನಿನ ದೃಷ್ಟಿಯಲ್ಲಿ

ಆಯುಧ ಅಧಿನಿಯಮ, 1959ರ ಕಲಂ 2ರ ಪ್ರಕಾರ, ಸ್ಫೋಟಕದಿಂದ ಮಾತ್ರವಲ್ಲದೆ ಇತರ ಯಾವುದೇ ಬಗೆಯ ಶಕ್ತಿಯಿಂದ ಗುಂಡನ್ನು ಹಾರಿಸಲು ರೂಪಿಸಿದ ಆಯುಧವೂ ಬಂದೂಕಿನ ವ್ಯಾಖ್ಯೆಗೆ ಒಳಪಡುತ್ತದೆ. ಆಟಿಕೆಗೆ ಅದೇ ಕಲಮಿನಲ್ಲಿ ವಿನಾಯಿತಿ ಇದೆ. ಆದರೆ ಆಟಿಕೆಯಾಗಿಯಲ್ಲದೆ ಬೇರೆ ರೀತಿಯಲ್ಲಿ ಬಳಸಲಾಗದ, ಉಪಯುಕ್ತ ಆಯುಧವಾಗಿ ಪರಿವರ್ತಿಸಲೂ ಆಗದ ವಸ್ತುವಿಗೆ ಮಾತ್ರ ಅದು ದೊರೆಯುತ್ತದೆ. ಪ್ಲಾಸ್ಟಿಕ್ಕಿನಿಂದ ಮಾಡಲಾಗಿದೆ ಎಂಬ ಒಂದೇ ಕಾರಣಕ್ಕೆ ವಿನಾಯಿತಿ ಲಭಿಸುವುದಿಲ್ಲ.

ಆಯುಧ ನಿಯಮಗಳು, 2016ರಲ್ಲಿ ಬಂದೂಕಿನ ಪ್ರತಿಕೃತಿಗಳ ವ್ಯಾಖ್ಯೆಯೊಳಗೆ ಏರ್‌ಸಾಫ್ಟ್ ಬಂದೂಕನ್ನು ಹೆಸರಿಸಿಯೇ ಸೇರಿಸಲಾಗಿದೆ. ಶಕ್ತಿಯು 20 ಜೌಲ್ ಮೀರದ ಹಾಗೂ ನಳಿಕೆಯ ವ್ಯಾಸವು 4.5 ಮಿ.ಮೀ. ಮೀರದ ಏರ್‌ಗನ್‌ಗಳಿಗೆ ಇರುವ ಸಡಿಲಿಕೆಯನ್ನು ಏರ್‌ಸಾಫ್ಟ್ ರೈಫಲಿಗೂ ಅನ್ವಯಿಸಿಕೊಳ್ಳುವುದು ಸಾಮಾನ್ಯವಾದ ತಪ್ಪು. ಶಕ್ತಿಯು 20 ಜೌಲಿಗಿಂತ ಬಹಳ ಕಡಿಮೆ ಇದ್ದರೂ 6 ಮಿ.ಮೀ. ನಳಿಕೆಯು ವ್ಯಾಸದ ಮಿತಿಯನ್ನು ಮೀರುತ್ತದೆ.

ಮಾರ್ಪಾಡು ಮಾಡುವ ಮುನ್ನ

ಸವೆದ ಗೇರಿನ ಬದಲು ಅದೇ ಅಳತೆಯ ಗೇರನ್ನು ಅಳವಡಿಸುವುದು ದುರಸ್ತಿ ಎನಿಸುತ್ತದೆ. ಬಿಗಿಯಾದ ಸ್ಪ್ರಿಂಗನ್ನು ಹಾಕಿ ಗೋಲಿಯ ವೇಗವನ್ನು ಹೆಚ್ಚಿಸುವುದು ಬೇರೆಯೇ ವಿಷಯ. 0.20 ಗ್ರಾಂ ತೂಕದ ಗೋಲಿಯು ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ 1 ಜೌಲ್. 120 ಮೀಟರ್ ವೇಗದಲ್ಲಿ ಹೊರಟರೆ 1.44 ಜೌಲ್. ಅಂದರೆ ವೇಗವು ಶೇಕಡಾ 20ರಷ್ಟು ಏರಿದಾಗ ಶಕ್ತಿಯು ಶೇಕಡಾ 44ರಷ್ಟು ಏರುತ್ತದೆ. ವೇಗವು ಎರಡರಷ್ಟಾದಲ್ಲಿ ಶಕ್ತಿಯು ನಾಲ್ಕರಷ್ಟಾಗುತ್ತದೆ. ಮಾಲೀಕರಿಗೆ ಅಲ್ಪವೆಂದು ತೋರುವ ಬದಲಾವಣೆಯು ಸಾಧನದ ಸ್ವರೂಪವನ್ನೇ ಬದಲಿಸಬಲ್ಲದು.

ಅಧಿನಿಯಮದ ಕಲಂ 6ರ ಪ್ರಕಾರ, ಅನುಕರಣ ಬಂದೂಕನ್ನು ಪರವಾನಗಿ ಇಲ್ಲದೆ ಬಂದೂಕನ್ನಾಗಿ ಪರಿವರ್ತಿಸತಕ್ಕದ್ದಲ್ಲ. ಗುಂಡು ಹಾರಿಸಲು ಶಕ್ತವಾಗಿರಲಿ, ಇಲ್ಲದಿರಲಿ, ಬಂದೂಕಿನಂತೆ ಕಾಣುವ ಯಾವುದೇ ವಸ್ತುವು ಅನುಕರಣ ಬಂದೂಕು ಎನಿಸುತ್ತದೆ. 2019ರ ತಿದ್ದುಪಡಿಯ ನಂತರ ಇಂತಹ ಪರಿವರ್ತನೆಗೆ 7 ವರ್ಷಗಳಿಗೆ ಕಡಿಮೆಯಿಲ್ಲದ, ಜೀವಾವಧಿಯವರೆಗೂ ವಿಸ್ತರಿಸಬಹುದಾದ ಕಾರಾವಾಸ ಹಾಗೂ ಜುಲ್ಮಾನೆ ವಿಧಿಸಲು ಅವಕಾಶವಿದೆ. ಕಾನೂನುಸಮ್ಮತ ಬಂಧನವನ್ನು ತಡೆಯುವ ಉದ್ದೇಶದಿಂದ ಅನುಕರಣ ಬಂದೂಕನ್ನು ಬಳಸಿದಲ್ಲಿ ಕಲಂ 28ರ ಮೇರೆಗೆ 7 ವರ್ಷಗಳವರೆಗೆ ಕಾರಾವಾಸವಿದೆ. ಕೆಲವೇ ಹೆಜ್ಜೆಗಳ ಅಂತರದಲ್ಲಿ ನಿಂತ ಪೊಲೀಸ್ ಸಿಬ್ಬಂದಿಗೂ ಪ್ರತಿಕೃತಿಯನ್ನು ಅಸಲಿ ಬಂದೂಕಿನಿಂದ ಬೇರ್ಪಡಿಸಿ ಗುರುತಿಸುವುದು ಕಷ್ಟ. ಆದುದರಿಂದ ಸಾರ್ವಜನಿಕ ಸ್ಥಳಗಳಲ್ಲಿ ಇದನ್ನು ಪ್ರದರ್ಶಿಸುವುದು ಸ್ವತಃ ಹೊಂದಿದವರ ಪ್ರಾಣಕ್ಕೇ ಅಪಾಯಕರ.

ಹೊರದೇಶದಿಂದ ತರುವಾಗ

ಜಪಾನಿನಲ್ಲಿ 6 ಮಿ.ಮೀ. ಗೋಲಿಗೆ 0.989 ಜೌಲ್, ಬ್ರಿಟನ್ನಿನಲ್ಲಿ ಸತತವಾಗಿ ಹಾರಿಸಬಲ್ಲ ಮಾದರಿಗೆ 1.3 ಜೌಲ್ ಮತ್ತು ಒಂದೊಂದಾಗಿ ಹಾರಿಸುವ ಮಾದರಿಗೆ 2.5 ಜೌಲ್ ಎಂದು ಮಿತಿ ನಿಗದಿಯಾಗಿದೆ. ಆ ದೇಶಗಳಲ್ಲಿ ನ್ಯಾಯಸಮ್ಮತವಾಗಿ ಕೊಂಡದ್ದು ಎಂಬ ರಸೀದಿಯು ಭಾರತದಲ್ಲಿ ಅನುಮತಿಪತ್ರವಾಗುವುದಿಲ್ಲ. ಅಲ್ಲಿ ನೆಲೆಸಿದ್ದು ಸ್ವದೇಶಕ್ಕೆ ಮರಳುವ ಕನ್ನಡಿಗರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

1. ಆಯುಧ ಅಧಿನಿಯಮದ ಕಲಂ 10ರ ಮೇರೆಗೆ ಆಯುಧಗಳನ್ನು ಜಲ, ಭೂ ಅಥವಾ ವಾಯು ಮಾರ್ಗವಾಗಿ ದೇಶದೊಳಗೆ ತರಲು ಸಾಮಾನ್ಯವಾಗಿ ಪರವಾನಗಿ ಅಗತ್ಯ.

2. ಸೀಮಾ ಸುಂಕದ ಪಟ್ಟಿಯಲ್ಲಿ ಸ್ಪ್ರಿಂಗ್, ಗಾಳಿ ಮತ್ತು ಅನಿಲದ ಬಂದೂಕುಗಳು 9304ನೇ ಶೀರ್ಷಿಕೆಯಲ್ಲಿ, ಅವುಗಳ ಬಿಡಿಭಾಗಗಳು 9305ನೇ ಶೀರ್ಷಿಕೆಯಲ್ಲಿ, ಆಟಿಕೆಗಳು 9503ನೇ ಶೀರ್ಷಿಕೆಯಲ್ಲಿ ಬರುತ್ತವೆ. ರೈಫಲನ್ನು ಬಿಡಿಬಿಡಿಯಾಗಿ ತರಿಸಿದ ಮಾತ್ರಕ್ಕೆ ನಿಯಂತ್ರಣ ತಪ್ಪುವುದಿಲ್ಲ.

3. ಕೊರಿಯರ್ ಮೂಲಕ "ಆಟಿಕೆ" ಎಂದು ಬರೆಯಿಸಿ ತರಿಸುವುದು ತಪ್ಪು ಘೋಷಣೆಯಾಗುತ್ತದೆ. ಸೀಮಾ ಸುಂಕ ಅಧಿನಿಯಮ, 1962ರ ಕಲಂ 111 ಮತ್ತು 112ರ ಮೇರೆಗೆ ಸರಕಿನ ಮುಟ್ಟುಗೋಲು ಹಾಗೂ ದಂಡಕ್ಕೆ ಅವಕಾಶವಿದೆ.

4. ಪ್ರಯಾಣಿಕರು ಸಾಮಾನಿನೊಂದಿಗೆ ತಂದಿದ್ದಲ್ಲಿ ವಿಮಾನ ನಿಲ್ದಾಣದ ಕೆಂಪು ಮಾರ್ಗದಲ್ಲಿ ಸಾಗಿ ಸೀಮಾ ಸುಂಕ ಅಧಿಕಾರಿಗಳಿಗೆ ಘೋಷಿಸತಕ್ಕದ್ದು. ಪ್ರತಿಕೃತಿಗಳನ್ನು ವಿಮಾನದೊಳಗಿನ ಕೈಚೀಲದಲ್ಲಿ ಒಯ್ಯುವಂತಿಲ್ಲ. ಆದರೆ ಬಿಡಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲಿಯೇ ಒಯ್ಯಬೇಕು.

ಅರ್ಜಿದಾರರು ಅನುಸರಿಸಬೇಕಾದ ಕ್ರಮ

ಪರವಾನಗಿ ಪ್ರಾಧಿಕಾರವು ಜಿಲ್ಲೆಗಳಲ್ಲಿ ಜಿಲ್ಲಾ ದಂಡಾಧಿಕಾರಿಗಳೂ ಆದ ಜಿಲ್ಲಾಧಿಕಾರಿಗಳು, ಪೊಲೀಸ್ ಕಮಿಷನರೇಟ್ ವ್ಯಾಪ್ತಿಯ ನಗರಗಳಲ್ಲಿ ಪೊಲೀಸ್ ಆಯುಕ್ತರು ಆಗಿರುತ್ತಾರೆ. ಖರೀದಿಗೆ ಹಣ ಪಾವತಿಸುವ ಮೊದಲೇ ಮಾದರಿಯ ಹೆಸರು, ತಯಾರಕರು, ನಳಿಕೆಯ ವ್ಯಾಸ, ಜೌಲ್‌ಗಳಲ್ಲಿ ಶಕ್ತಿ, ಬಳಕೆಯ ಉದ್ದೇಶ ಮತ್ತು ಸ್ಥಳ ಇವುಗಳನ್ನು ನಮೂದಿಸಿ, ತಯಾರಕರ ವಿವರಪತ್ರದ ಪ್ರತಿಯನ್ನು ಲಗತ್ತಿಸಿ, ಸದರಿ ಪ್ರಾಧಿಕಾರಕ್ಕೆ ಲಿಖಿತ ಮನವಿ ಸಲ್ಲಿಸುವುದು ಸೂಕ್ತ. ಮೌಖಿಕ ಭರವಸೆಯನ್ನು ಅವಲಂಬಿಸಬಾರದು. ಲಿಖಿತ ಉತ್ತರವನ್ನು ಪಡೆದು ಕಾದಿರಿಸಿಕೊಳ್ಳತಕ್ಕದ್ದು. ವ್ಯಕ್ತಿಗತ ಪರವಾನಗಿಗೆ ನಮೂನೆ ಎ-1ರಲ್ಲಿ ಅರ್ಜಿ ಸಲ್ಲಿಸಬೇಕು. ಸಾಮಾನ್ಯವಾಗಿ 21 ವರ್ಷ ತುಂಬದವರಿಗೆ ಬಂದೂಕಿನ ಪರವಾನಗಿ ದೊರೆಯುವುದಿಲ್ಲ. ಮಕ್ಕಳ ಹೆಸರಿನಲ್ಲಿ ತರಿಸುವ ಪೋಷಕರು ಇದನ್ನು ಮನಗಾಣಬೇಕು.

ಅರ್ಜಿಯನ್ನು ತಿರಸ್ಕರಿಸಿದಲ್ಲಿ ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕೆಂದು ಕಲಂ 14 ವಿಧಿಸುತ್ತದೆ. ಅರ್ಜಿದಾರರು ಅವುಗಳ ಸಂಕ್ಷಿಪ್ತ ಹೇಳಿಕೆಯನ್ನು ಕೋರಬಹುದು ಹಾಗೂ ಕಲಂ 18ರ ಮೇರೆಗೆ ಮೇಲ್ಮನವಿ ಸಲ್ಲಿಸಬಹುದು.

ಈಗಾಗಲೇ ವಶದಲ್ಲಿದ್ದಲ್ಲಿ

ತಿಳಿಯದೆ ಕೊಂಡವರು ಭಯದಿಂದ ರೈಫಲನ್ನು ಬಚ್ಚಿಡುವುದಾಗಲಿ, ಬೇರೆಯವರಿಗೆ ಮಾರುವುದಾಗಲಿ ಮಾಡಬಾರದು. ವಶದಲ್ಲಿಟ್ಟುಕೊಳ್ಳುವುದು ಕಾನೂನುಸಮ್ಮತವಲ್ಲದ ಆಯುಧವನ್ನು ವಿಳಂಬವಿಲ್ಲದೆ ಸಮೀಪದ ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಲು ಕಲಂ 21ರಲ್ಲಿ ಅವಕಾಶ ಕಲ್ಪಿಸಲಾಗಿದೆ. ರೈಫಲನ್ನು ಕೈಯಲ್ಲಿ ಹಿಡಿದು ಠಾಣೆಗೆ ಹೋಗದೆ, ಮುಂಚಿತವಾಗಿ ಠಾಣಾಧಿಕಾರಿಗಳಿಗೆ ತಿಳಿಸಿ, ಬ್ಯಾಟರಿ ಹಾಗೂ ಗೋಲಿಗಳನ್ನು ತೆಗೆದು, ಮುಚ್ಚಿದ ಪೆಟ್ಟಿಗೆಯಲ್ಲಿ ಒಯ್ದು, ಸ್ವೀಕೃತಿಯನ್ನು ಪಡೆಯತಕ್ಕದ್ದು.

ಕೊಳ್ಳುವ ಮೊದಲು ಸಲ್ಲಿಸುವ ಒಂದು ಪುಟದ ಮನವಿಯು ಅರ್ಜಿದಾರರನ್ನು ಮುಂದಿನ ಹಲವು ತೊಂದರೆಗಳಿಂದ ಪಾರುಮಾಡಬಲ್ಲದು. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.