ಬೈಬಲ್ಲಿನ ಹಾಳೆಯಲ್ಲಿ ಸಿಕ್ಕ ಸಿಪಾಯಿ

ವಂಶದ ಮೂಲವನ್ನು ಹುಡುಕುವುದು ಅಮೆರಿಕದಲ್ಲಿ ಲಕ್ಷಾಂತರ ಜನರ ಹವ್ಯಾಸ. ಅಲ್ಲಿನ ಬಹುಪಾಲು ಜನರ ಹಿರಿಯರು ಎಲ್ಲಿಂದಲೋ ಹಡಗು ಹತ್ತಿ ಬಂದವರೇ ತಾನೆ! 'ನಮ್ಮ ಮೂಲಪುರುಷ ಜರ್ಮನಿಯಿಂದ ಬಂದವನಂತೆ, ಸ್ವಾತಂತ್ರ್ಯ ಸಮರದಲ್ಲಿ ಕಾದಾಡಿದನಂತೆ' ಎಂಬ ಮಾತು ಎಷ್ಟೋ ಮನೆಗಳಲ್ಲಿ ಬಾಯಿಂದ ಬಾಯಿಗೆ ಬಂದಿದೆ. ಈ 'ಅಂತೆ'ಯನ್ನು 'ಹೌದು' ಎಂದು ಸಾಧಿಸುವುದು ಹೇಗೆ? ನ್ಯೂಯಾರ್ಕ್ ಪ್ರಾಂತದ ಮೊಹಾಕ್ ಕಣಿವೆಯ ಜರ್ಮನರ ಕಥೆ ಇದಕ್ಕೆ ಒಳ್ಳೆಯ ಉತ್ತರ ಕೊಡುತ್ತದೆ.

ಪಡಿತರದ ಲೆಕ್ಕ

ರೈನ್ ನದಿಯ ಆಸುಪಾಸಿನ ಪ್ಯಾಲಟಿನೇಟ್ ಸೀಮೆ ಯುದ್ಧಗಳಿಂದ ಬಡವಾಗಿತ್ತು. 1709ರ ಭೀಕರ ಚಳಿಯಂತೂ ಜನರನ್ನು ಕಂಗೆಡಿಸಿತು. ಲಂಡನ್ ಸೇರಿದವರಲ್ಲಿ ಸುಮಾರು ಮೂರು ಸಾವಿರ ಮಂದಿಯನ್ನು 1710ರಲ್ಲಿ ನ್ಯೂಯಾರ್ಕಿಗೆ ಸಾಗಿಸಲಾಯಿತು. ನೂರಾರು ಜನ ದಾರಿಯಲ್ಲೇ ಜ್ವರಕ್ಕೆ ಬಲಿಯಾದರು. ಉಳಿದವರು ಬ್ರಿಟಿಷ್ ನೌಕಾಪಡೆಗಾಗಿ ಪೈನ್ ಮರಗಳಿಂದ ಡಾಂಬರು ತೆಗೆಯಬೇಕಿತ್ತು. ಆ ಯೋಜನೆ ನೆಲಕಚ್ಚಿತು. ಆದರೆ ಗವರ್ನರ್ ರಾಬರ್ಟ್ ಹಂಟರ್ ಅವರಿಗೆ ಕೊಟ್ಟ ಪಡಿತರದ ಲೆಕ್ಕ ಉಳಿಯಿತು. ಮನೆಯ ಯಜಮಾನ ಯಾರು, ದೊಡ್ಡವರೆಷ್ಟು, ಹತ್ತು ವರ್ಷದೊಳಗಿನ ಮಕ್ಕಳೆಷ್ಟು ಎಂಬುದು ಅದರಲ್ಲಿದೆ.

ಹೆನ್ರಿ ಜೋನ್ಸ್ ಎಂಬ ಸಂಶೋಧಕ ಇಂಥ 847 ಕುಟುಂಬಗಳ ಜಾಡು ಹಿಡಿದು 1985ರಲ್ಲಿ ಪುಸ್ತಕ ಪ್ರಕಟಿಸಿದ. ಒಬ್ಬನನ್ನೇ ಹುಡುಕಿದರೆ ಅವನು ಸಿಗುವುದು ಕಷ್ಟ. ಅವನ ನೆರೆಹೊರೆಯವರನ್ನೂ ಹುಡುಕಬೇಕು ಎಂಬುದು ಅವನ ಸೂತ್ರ. ಒಂದೇ ಊರಿನವರು ಒಟ್ಟಿಗೆ ಹೊರಟು, ಒಟ್ಟಿಗೆ ನೆಲೆಸುತ್ತಿದ್ದರಲ್ಲವೆ?

ಹೆಸರಿನ ಗೋಜಲು

ಹೆಸರಿನದೇ ದೊಡ್ಡ ತೊಡಕು. ಇಂಗ್ಲಿಷ್ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದ. ಷ್ಮಿಟ್ ಸ್ಮಿತ್ ಆದ, ಹೆರ್ಖ್‌ಹೈಮರ್ ಹರ್ಕಿಮರ್ ಆದ. ಸಾಲದ್ದಕ್ಕೆ ಒಂದೇ ಮನೆಯ ಮೂರು ನಾಲ್ಕು ಗಂಡುಮಕ್ಕಳಿಗೆ ಯೋಹಾನ್ ಎಂದೇ ದೀಕ್ಷಾನಾಮ. ಕರೆಯುವ ಹೆಸರು ಅದರ ಮುಂದಿನದು. ಹೀಗಾಗಿ ಪಡೆಯ ಪಟ್ಟಿಯಲ್ಲಿ ಹೆಸರು ಕಂಡ ಮಾತ್ರಕ್ಕೆ 'ಇವನೇ ನಮ್ಮವನು' ಎನ್ನುವಂತಿಲ್ಲ.

ಆ ಪಡೆಯಾದರೂ ಎಂಥದು? ಮಿಲಿಷಿಯಾ ಎಂದರೆ ಊರಪಡೆ. ಕರೆ ಬಂದಾಗ ರೈತನೇ ಬಂದೂಕು ಹಿಡಿದು ಹೊರಡುತ್ತಿದ್ದ. 1777ರ ಜುಲೈನಲ್ಲಿ ಜರ್ಮನ್ ವಲಸಿಗರ ಮಗ ನಿಕೊಲಸ್ ಹರ್ಕಿಮರ್ 16ರಿಂದ 60 ವರ್ಷದೊಳಗಿನ ಆರೋಗ್ಯವಂತ ಗಂಡಸರೆಲ್ಲ ಬರಬೇಕೆಂದು ಸಾರಿದ. ಆಗಸ್ಟ್ 6ರಂದು ಅವನ ಸುಮಾರು 800 ಜನರ ಪಡೆ ಒರಿಸ್ಕನಿ ಬಳಿಯ ಕಮರಿಯಲ್ಲಿ ಹೊಂಚುದಾಳಿಗೆ ಸಿಕ್ಕಿತು. ಕಾಲಿಗೆ ಗುಂಡು ತಗುಲಿದರೂ ಅವನು ಮರಕ್ಕೊರಗಿ ಕುಳಿತು ಆಜ್ಞೆ ಕೊಡುತ್ತಲೇ ಇದ್ದ. ಹತ್ತು ದಿನಗಳ ಮೇಲೆ ತೀರಿಕೊಂಡ. ಅವನ ಸ್ವಂತ ತಮ್ಮನೇ ಬ್ರಿಟಿಷರ ಪಕ್ಷ ವಹಿಸಿ ಕೊನೆಗೆ ಕೆನಡಾ ಸೇರಿದ! ಮನೆಮನೆಯೂ ಹೀಗೆ ಒಡೆದಿದ್ದಾಗ ಬರಿಯ ಮನೆತನದ ಹೆಸರು ನೋಡಿ ಪಕ್ಷ ನಿರ್ಧರಿಸಲಾಗದು.

ವಿಧವೆಯ ಸಾಕ್ಷ್ಯ

ಇದಕ್ಕೆ ಪರಿಹಾರ ಸಿಗುವುದು ಪಿಂಚಣಿ ಕಡತಗಳಲ್ಲಿ. 1832ರ ಕಾನೂನಿನಂತೆ ಕನಿಷ್ಠ ಆರು ತಿಂಗಳು ಸೇವೆ ಸಲ್ಲಿಸಿದ ಊರಪಡೆಯವರಿಗೂ ಪಿಂಚಣಿ ದೊರೆಯಿತು. ಎಪ್ಪತ್ತು ದಾಟಿದ ಮುದುಕರು ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ಹುಟ್ಟಿದ ಊರು, ದಳಪತಿಯ ಹೆಸರು, ತಾನಾಗಿ ಸೇರಿದೆನೋ ಇಲ್ಲವೆ ಬೇರೊಬ್ಬನ ಬದಲಿಗೆ ಹೋದೆನೋ ಎಂಬುದನ್ನೆಲ್ಲ ಹೇಳಬೇಕಿತ್ತು.

1836ರಲ್ಲಿ ವಿಧವೆಯರಿಗೂ ಅವಕಾಶ ವಿಸ್ತರಿಸಿತು. ಆದರೆ ಗಂಡನ ಸೇವೆ ಮುಗಿಯುವ ಮೊದಲೇ ಮದುವೆಯಾಗಿತ್ತೆಂದು ಅವರು ರುಜುವಾತು ಮಾಡಬೇಕು. ಅರವತ್ತು ವರ್ಷದ ಹಿಂದಿನ ಮದುವೆಗೆ ದಾಖಲೆ ಎಲ್ಲಿಂದ ತರುವುದು? ಮನೆಯ ಬೈಬಲ್ಲಿನಲ್ಲಿ ಮದುವೆ, ಮಕ್ಕಳ ಜನನ ಬರೆದಿಟ್ಟ ಹಾಳೆಯನ್ನೇ ಹರಿದು ಅರ್ಜಿಯ ಜೊತೆ ಕಳಿಸಿದವರಿದ್ದಾರೆ. ಬಣ್ಣದ ಹೂಬಳ್ಳಿ ಬಿಡಿಸಿ ಜರ್ಮನ್ ಅಕ್ಷರದಲ್ಲಿ ಬರೆದ ಜನನಪತ್ರಗಳೂ ಹೀಗೆ ಹೋದವು. ಆಧಾರವಿಲ್ಲದ ಮುಪ್ಪಿನಲ್ಲಿ ಪಿಂಚಣಿಯ ಆಸೆಗೆ ಮನೆಯ ನೆನಪನ್ನೇ ಒತ್ತೆಯಿಟ್ಟಂತೆ!

ಇಂಥ ಸುಮಾರು 80,000 ಕಡತಗಳು ವಾಷಿಂಗ್ಟನ್ನಿನ ರಾಷ್ಟ್ರೀಯ ದಾಖಲೆಗಾರದಲ್ಲಿವೆ. 1800ರಲ್ಲಿ ಯುದ್ಧ ಕಚೇರಿಗೆ ಬೆಂಕಿ ಬಿದ್ದು ಅದಕ್ಕೆ ಹಿಂದಿನ ಅರ್ಜಿಗಳು ನಾಶವಾದವು. ಉಳಿದವನ್ನು ಈಗ ಕಂಪ್ಯೂಟರಿನಲ್ಲೂ ಓದಬಹುದು.

ಪಡಿತರದ ಲೆಕ್ಕ ಸಂಸಾರವನ್ನು ತೋರಿಸುತ್ತದೆ, ಪಡೆಯ ಪಟ್ಟಿ ಬರಿಯ ಹೆಸರನ್ನು. ಎರಡನ್ನೂ ಬೆಸೆದು ಒಬ್ಬ ಮನುಷ್ಯನನ್ನು ನಿಲ್ಲಿಸುವುದು ಮಾತ್ರ ಅನೇಕ ಸಲ ಅವನ ಹೆಂಡತಿ ಕೊಟ್ಟ ಸಾಕ್ಷ್ಯ. ಕಾದಾಡಿದವನು ಅವನಾದರೂ, ಅವನನ್ನು ಮೊಮ್ಮಕ್ಕಳಿಗೆ ಉಳಿಸಿಕೊಟ್ಟವಳು ಅವಳು.